ಏಳನೇ ತಾಕಿನ ನೀರು

ಕಂಪ್ಯೂಟರಿನೊಳಗೆ ಮೆಕ್ಕೆಜೋಳ ಬೆಳೆಯುವ ಹೆಂಗಸು ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಅವಳ ಅಮ್ಮನೂ ನಗುತ್ತಾಳೆ. "ಇವತ್ತು ನಿನ್ನ ಹೊಲದಲ್ಲಿ ಎಷ್ಟು ತೆನೆ ಬಂತು? ಒಂದೆರಡು ಮನೆಗಾದ್ರೂ ತಾರೇ," ಅಂತ ದಿನಾ ಸಂಜೆ ಕಾಲೆಳೆಯುತ್ತಾಳೆ. ಆದರೆ ಕೆಲಸ ನಿಜವಾದದ್ದು. ಬಿಸಿಲೆಷ್ಟು, ಸೆಕೆಯೆಷ್ಟು, ಮಣ್ಣು ಎಂಥದ್ದು, ಬಿತ್ತಿದ್ದು ಯಾವತ್ತು, ಯಾವ ದಿನ ಎಷ್ಟು ನೀರು ಬಿಟ್ಟರು, ಇಷ್ಟನ್ನೂ ಮಾಡೆಲ್‌ಗೆ ತಿನ್ನಿಸಿ ಗುಂಡಿ ಒತ್ತಿದರೆ ನೂರಹತ್ತು ದಿನದ ಪೈರು ಅರ್ಧ ನಿಮಿಷದಲ್ಲಿ ಪರದೆಯ ಮೇಲೆ ಮೊಳೆತು, ಎಲೆ ಬಿಟ್ಟು, ತೆನೆ ಕಟ್ಟಿ ನಿಲ್ಲುತ್ತದೆ. ಕಾಲುವೆಯ ನೀರು ಮೂರರಲ್ಲಿ ಒಂದು ಪಾಲಿಗೆ ಇಳಿದರೆ, ಆ ಒಂದು ಪಾಲನ್ನು ಯಾವ ವಾರ ಬಿಟ್ಟರೆ ಪೈರು ಉಳಿದೀತು? ಇದನ್ನೆಲ್ಲ ಹೊಲದಲ್ಲೇ ಪರೀಕ್ಷೆ ಮಾಡುತ್ತ ಕೂತರೆ ಒಬ್ಬರ ಆಯುಸ್ಸು ಸಾಲದು. ಅದಕ್ಕೇ ಈ ಮಾಡೆಲ್.

ಹಾಗಂತ ಅದೇನು ಹುಟ್ಟಾ ಜಾಣ ಅಲ್ಲ. ನಿಜವಾದ ಹೊಲದಲ್ಲಿ ನಿಜವಾಗಿ ಅಳೆದ ಲೆಕ್ಕವನ್ನು ತೋರಿಸಿ ತೋರಿಸಿ ತಿದ್ದಬೇಕು. ಅಂಥ ಲೆಕ್ಕ ಅವಳು ಕೆಲಸ ಮಾಡುವ ಕೃಷಿ ಪ್ರಯೋಗ ಕ್ಷೇತ್ರದ ಮೂಲೆಯ ಬೀರುವಿನಲ್ಲಿ ಹನ್ನೊಂದು ರಿಜಿಸ್ಟರ್ ತುಂಬ ಇತ್ತು, ಹನ್ನೊಂದು ವರ್ಷದ್ದು. ಎಲ್ಲವೂ ಒಂದೇ ಕೈಬರಹ, ದುಂಡಗೆ, ನೀಲಿ ಶಾಯಿಯಲ್ಲಿ. ಬರೆದವನು ಅವಳ ಅಪ್ಪ.

ಅಪ್ಪ ಆಗ ಅಳತೆಗಾರ. ಅವನ ಜೊತೆಯವರು ಅವನಿಗಿಟ್ಟ ಹೆಸರು ಗುಲಗಂಜಿ. ಒಂದು ಗುಲಗಂಜಿ ತೂಕದಷ್ಟೂ ಹೆಚ್ಚುಕಮ್ಮಿ ಬಿಡದ ಆಸಾಮಿ ಅಂತ. ಹತ್ತು ಅಂತ ಬರೆದುಕೊಳ್ಳಯ್ಯ ಅಂದರೆ, "ಒಂಬತ್ತು ಮುಕ್ಕಾಲಿದೆಯಲ್ಲ ಸ್ವಾಮಿ," ಅನ್ನುತ್ತಿದ್ದನಂತೆ. ಎಲೆಯ ಉದ್ದ ಅಗಲ ಸ್ಕೇಲಿನಲ್ಲಿ ಹಿಡಿಯೋದು, ವಾರಕ್ಕೆರಡು ಸಲ ಕೊಳವೆ ತಿರುಗಿಸಿ ಮಣ್ಣು ತೆಗೆಯೋದು, ಅದನ್ನು ಪುಟ್ಟ ಡಬ್ಬಿಯಲ್ಲಿ ತೂಗಿ, ಒಲೆಪೆಟ್ಟಿಗೆಯಲ್ಲಿ ಇಡೀ ದಿನ ಒಣಗಿಸಿ ಮತ್ತೆ ತೂಗೋದು. ಎರಡು ತೂಕದ ನಡುವಿನ ಅಂತರವೇ ಮಣ್ಣಿನೊಳಗಿದ್ದ ನೀರು. ಆ ಬಿಸಿ ಮಣ್ಣಿನ ವಾಸನೆ ಅವಳ ಮೂಗಿನಲ್ಲಿ ಈಗಲೂ ಇದೆ. ಚಿಕ್ಕಂದಿನಲ್ಲಿ ಅಪ್ಪ ಅಂದರೆ ಅದೇ ವಾಸನೆ ಅಂದುಕೊಂಡಿದ್ದಳು. ಎಲ್ಲ ಅಪ್ಪಂದಿರೂ ಹಾಗೇ ಇರುತ್ತಾರೆ, ಸಂಜೆ ಮನೆಗೆ ಬರುವಾಗ ಒಲೆಯಿಂದ ತೆಗೆದ ಮಣ್ಣಿನ ಹಾಗೆ.

ಮೂರು ತಿಂಗಳಿಂದ ಆ ರಿಜಿಸ್ಟರುಗಳನ್ನು ಅವಳು ಸಾಲು ಸಾಲಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದಳು. ಹತ್ತು ರಿಜಿಸ್ಟರ್ ಮುಗಿಯುವ ತನಕ ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಮಾಡೆಲ್ ಎಳೆದ ಗೆರೆ, ಅಪ್ಪ ಅಳೆದ ಚುಕ್ಕೆಗಳು, ಎರಡೂ ಜೋಡಿಯಾಗಿ ಹೋಗುತ್ತಿದ್ದವು. ಹನ್ನೊಂದನೆಯದರಲ್ಲಿ ಸಿಕ್ಕಿತು ನೋಡಿ ಗಂಟು.

ಆ ವರ್ಷ ಬೇಸಿಗೆಯಲ್ಲಿ ಹನ್ನೆರಡು ಪುಟ್ಟ ತಾಕುಗಳಲ್ಲಿ ಮೆಕ್ಕೆಜೋಳ ಹಾಕಿದ್ದರು. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಸುತ್ತ ಸಿಮೆಂಟಿನ ಕಟ್ಟೆ, ಪಕ್ಕದ ನೀರು ಒಳಗೆ ಬರಬಾರದು ಅಂತ. ಮೂರು, ಏಳು, ಹನ್ನೊಂದು, ಈ ಮೂರು ತಾಕಿಗೆ ಮೂರರಲ್ಲಿ ಒಂದು ಪಾಲು ನೀರು ಮಾತ್ರ. ಮೂರನೆಯದೂ ಹನ್ನೊಂದನೆಯದೂ ಮಾಡೆಲ್ ಹೇಳಿದಂತೆಯೇ ಬಾಡಿ ಸೊರಗಿದ್ದವು. ಏಳನೆಯದು ಮಾತ್ರ ಮದುವೆಗೆ ಹೊರಟ ಹಾಗೆ ಹಸಿರಾಗಿ ನಿಂತಿತ್ತು. ಹೆಚ್ಚು ನೀರು ಬಿಟ್ಟಿಲ್ಲ, ಮಳೆ ಬಂದಿಲ್ಲ, ಆದರೂ ಅಪ್ಪನ ಲೆಕ್ಕದಲ್ಲಿ ಆ ಮಣ್ಣು ಒದ್ದೆ. ಪುಟದ ಕೆಳಗೆ ಆಗಿನ ಸಾಹೇಬರು ಕೆಂಪು ಶಾಯಿಯಲ್ಲಿ ಬರೆದಿದ್ದರು: "ಏಳನೇ ತಾಕಿನ ಅಳತೆ ನಂಬುವಂತಿಲ್ಲ. ಅಳತೆಗಾರನನ್ನು ಬದಲಿಸುವುದು."

ಅವಳು ಆ ಸಾಲನ್ನು ಮೂರು ಸಲ ಓದಿದಳು. ಮುಂದಿನ ವರ್ಷದ ರಿಜಿಸ್ಟರ್ ಬೇರೆ ಯಾರದೋ ಕೈಬರಹದಲ್ಲಿದೆ ಅನ್ನೋದು ಅವಳಿಗೆ ಗೊತ್ತಿತ್ತು. ಅಪ್ಪ ಆ ವರ್ಷ ಬೀಜದ ಉಗ್ರಾಣಕ್ಕೆ ಬಂದ, ನಿವೃತ್ತಿಯ ತನಕ ಇಪ್ಪತ್ತು ವರ್ಷ ಅಲ್ಲೇ ಚೀಲ ಎಣಿಸಿಕೊಂಡಿದ್ದ, ಅದೂ ಗೊತ್ತಿತ್ತು. ಮಂಡಿನೋವು ಅಂತ ಮನೆಯಲ್ಲಿ ಹೇಳಿದ್ದ. ಅವಳು ಕೂತಿದ್ದ ಈ ಕಂಪ್ಯೂಟರ್ ಕೋಣೆಯೇ ಆಗಿನ ಉಗ್ರಾಣ. ಸುಣ್ಣ ಬಳಿದರೂ ಮಳೆಗಾಲದಲ್ಲಿ ಗೋಡೆಯಿಂದ ಹಳೇ ಗೋಣಿಚೀಲದ ವಾಸನೆ ಬರುತ್ತದೆ.

ಬುಧವಾರ ಮುಖ್ಯಸ್ಥರು ಬಂದು ಆ ಕೆಂಪು ಸಾಲು ನೋಡಿದರು. ಬೇರೆ ಊರಿಂದ ನಾಲ್ಕು ತಿಂಗಳ ಹಿಂದೆ ಬಂದವರು, ಒಳ್ಳೆಯವರೇ, ಆದರೆ ಅನುಮಾನ ಅನ್ನೋದು ಅವರಿಗೆ ಎರಡನೇ ಕನ್ನಡಕ.

"ಮೇಡಂ, ಇಂಥ ಮನುಷ್ಯನ ಲೆಕ್ಕ ಇಟ್ಕೊಂಡು ನಾವು ಕಾಲುವೆಯವರಿಗೆ ನೀರು ಹಂಚೋದು ಹೇಳ್ಕೊಡೋಕಾಗುತ್ತಾ? ಒಂದು ತಾಕಲ್ಲಿ ಕಣ್ಣುಮುಚ್ಚಿ ಬರೆದವನು ಮಿಕ್ಕಿದ್ದರಲ್ಲಿ ಕಣ್ಣುಬಿಟ್ಟು ಬರೆದ ಅಂತ ಏನು ಗ್ಯಾರಂಟಿ? ಹನ್ನೊಂದನ್ನೂ ಬಿಟ್ಬಿಡಿ. ಶನಿವಾರ ರದ್ದಿಯವನು ಬರ್ತಾನೆ, ಬೀರು ಖಾಲಿ ಮಾಡಿಸೋಣ."

"ಸರ್, ಶುಕ್ರವಾರದ ತನಕ ಟೈಮ್ ಕೊಡಿ. ಇಲ್ಲೇನೋ ಇದೆ."

"ಇರೋದು ಒಂದೇ, ಸೋಮಾರಿತನ," ಅಂದು ಅವರು ಹೊರಟುಹೋದರು. ಅವನು ನನ್ನ ಅಪ್ಪ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ಹೊರಗೆ ಬರಲಿಲ್ಲ. ಅದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಸಂಜೆ ಮನೆಗೆ ಹೋದರೆ ಅಪ್ಪ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದ. ಎಪ್ಪತ್ತಾರು ವಯಸ್ಸು, ಒಂದೊಂದು ತುಂಡೂ ಒಂದೇ ಉದ್ದ. ಅಮ್ಮ ನಿವೃತ್ತ ನರ್ಸು, ಒಲೆ ಮುಂದೆ ನಿಂತು, "ಸ್ಕೇಲ್ ಬೇಕಿದ್ರೆ ಹೇಳಿ, ತಂದ್ಕೊಡ್ತೀನಿ. ಈ ಸ್ಪೀಡಲ್ಲಿ ಹೆಚ್ಚಿದ್ರೆ ನಾಳೆ ಊಟ," ಅನ್ನುತ್ತಿದ್ದಳು.

"ಅಪ್ಪಾ, ನಿನ್ನನ್ನ ಉಗ್ರಾಣಕ್ಕೆ ಹಾಕಿದ್ದು ಯಾಕೆ?"

"ಮಂಡಿನೋವು ಅಂತ ಹೇಳಿಲ್ವಾ?"

"ಆಗ ನಿನಗೆ ಮೂವತ್ತೆಂಟು."

"ಮೂವತ್ತೆಂಟಕ್ಕೆ ಮಂಡಿ ನೋಯಬಾರದು ಅಂತ ಕಾನೂನಿದೆಯಾ?"

"ಕೆಂಪು ಶಾಯಿ ನೋಡ್ದೆ ಅಪ್ಪ. ಏಳನೇ ತಾಕು."

ಚಾಕು ನಿಂತಿತು. ಅಪ್ಪ ತಲೆಯೆತ್ತಲಿಲ್ಲ. "ಹಳೇದನ್ನೆಲ್ಲ ಯಾಕೆ ಕೆದಕ್ತೀಯಾ? ರದ್ದಿಗೆ ಹೋಗೋದು ರದ್ದಿಗೆ ಹೋಗ್ಲಿ ಬಿಡು," ಅಂತ ರೇಗಿದ. ಅವನು ಅವಳ ಮೇಲೆ ರೇಗಿದ್ದು ಅಪರೂಪ. ಆಮೇಲೆ ಹೆಚ್ಚಿದ ಬೀನ್ಸೆಲ್ಲ ಒಂದು ಉದ್ದ, ಒಂದು ಗಿಡ್ಡ. ಅಮ್ಮ ಅದನ್ನು ನೋಡಿದಳು, ಹಾಗೇ ಬಾಣಲೆಗೆ ಸುರಿದಳು.

ಗುರುವಾರ ಬೆಳಗ್ಗೆ ಅವಳು ಲೆಕ್ಕವನ್ನು ತಲೆಕೆಳಗು ಮಾಡಿದಳು. ಇಷ್ಟು ನೀರಿಗೆ ಎಷ್ಟು ಬೆಳೆ ಅಂತ ಮಾಡೆಲನ್ನು ಕೇಳುವ ಬದಲು, ಇಷ್ಟು ಬೆಳೆ ಬರಬೇಕಾದರೆ ಎಷ್ಟು ನೀರು ಬೇಕಿತ್ತು ಅಂತ ಕೇಳಿದಳು. ಅಪ್ಪನ ಅಳತೆ ನಿಜ ಅಂತಲೇ ಇಟ್ಟುಕೊಳ್ಳೋಣ, ಆಗ ಏನಾಗುತ್ತೆ? ಏಳನೇ ತಾಕಿಗೆ ದಿನಕ್ಕೆ ಒಂದು ಮಿಲಿಮೀಟರ್ ಹೆಚ್ಚು ನೀರು ಹಾಕಿ ಓಡಿಸಿದಳು. ಗೆರೆ ಸ್ವಲ್ಪ ಮೇಲೆದ್ದಿತು. ಎರಡು ಹಾಕಿದಳು. ಮೂರು ಹಾಕಿದಾಗ ಗೆರೆ ಹೋಗಿ ಚುಕ್ಕೆಗಳ ಮೇಲೆ ಕೂತಿತು. ಆದರೆ ಮೊದಲಿಂದ ಅಲ್ಲ. ಇಪ್ಪತ್ತನೇ ದಿನ ಶುರುವಾಗಿ ಎಪ್ಪತ್ತನೇ ದಿನದ ಹತ್ತಿರ ನಿಂತುಹೋಗುವ ಹಾಗೆ ಹಾಕಿದರೆ ಮಾತ್ರ. ಐವತ್ತು ದಿನ. ತಾರೀಖು ನೋಡಿದಳು. ಅದು ಬೇಸಿಗೆ ರಜ.

ಮೂರು ಮಿಲಿಮೀಟರ್ ಅಂದರೆ ಚದರ ಮೀಟರಿಗೆ ಮೂರು ಲೀಟರ್. ನಾಲ್ಕು ಚದರ ಮೀಟರಿಗೆ ಹನ್ನೆರಡು ಲೀಟರ್. ದಿನಾ ಹನ್ನೆರಡು ಲೀಟರ್ ನೀರು ಯಾರು ತಂದು ಸುರೀತಾರೆ? ಮತ್ತೆ ರಿಜಿಸ್ಟರ್ ತೆರೆದಳು. ಅಂಚಿನಲ್ಲಿ, ಏಳನೇ ತಾಕಿನ ಸಾಲಿನ ಪಕ್ಕ, ಸಾಸಿವೆಯಷ್ಟು ಪುಟ್ಟ ಸೊನ್ನೆಗಳು. ಮೊದಲೂ ನೋಡಿದ್ದಳು. ಪೆನ್ನು ಹರಿಯುತ್ತಾ ಇಲ್ಲವಾ ಅಂತ ಗೀಚಿದ್ದು ಅಂದುಕೊಂಡು ಬಿಟ್ಟಿದ್ದಳು. ಈಗ ಎಣಿಸಿದಳು. ಆರು. ಮಾರನೇ ದಿನ ಆರು. ಒಂದೊಂದು ದಿನ ಐದು. ಐದನೇ ವಾರದಲ್ಲಿ ಮೂರು ದಿನ ಒಂದೂ ಇಲ್ಲ, ನಾಲ್ಕನೇ ದಿನ ಒಂದೇ ಒಂದು, ಆಮೇಲೆ ಮತ್ತೆ ಆರು. ಹನ್ನೆರಡು ಲೀಟರ್, ಆರು ಸೊನ್ನೆ. ಒಂದು ಸೊನ್ನೆಗೆ ಎರಡು ಲೀಟರ್.

ಎರಡು ಲೀಟರ್ ಹಿಡಿಯುವುದು ಏನು ಅಂತ ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಹಾಲಿನ ಪುಡಿಯ ಡಬ್ಬ. "ಅಯ್ಯೋ ದೇವರೇ," ಅಂದಳು, ಖಾಲಿ ಕೋಣೆಯಲ್ಲಿ, ಜೋರಾಗಿಯೇ. "ಅದು ನಾನು!"

ಆ ವರ್ಷ ಅಮ್ಮ ನರ್ಸ್ ತರಬೇತಿಗೆ ಅಂತ ದೂರದ ಊರಿಗೆ ಹೋಗಿದ್ದಳು, ಇಡೀ ಒಂದು ವರ್ಷ. ಅವಳಿಗೆ ಏಳು ತುಂಬಿತ್ತು. ಅವರ ಮನೆ ಪ್ರಯೋಗ ಕ್ಷೇತ್ರದ ಬೇಲಿಗೆ ಅಂಟಿಕೊಂಡ ಸಿಬ್ಬಂದಿ ಮನೆ. ರಜ ಶುರುವಾದ ಮೇಲೆ ಅವಳು ಅಪ್ಪನ ಹಿಂದೆಯೇ ಬಾಲದ ಹಾಗೆ ಸುತ್ತುತ್ತಿದ್ದಳು. ಎಲೆ ಹಿಡಿದುಕೊಳ್ಳುವುದು ಅವಳ ಕೆಲಸ, ಸ್ಕೇಲ್ ಇಡುವುದು ಅಪ್ಪನದು. ಒಂದು ದಿನ ಕೇಳಿದ್ದಳು, "ಈ ಗಿಡಗಳು ಯಾಕಪ್ಪ ತಲೆ ತಗ್ಗಿಸಿವೆ?" ಅಪ್ಪ, "ಬಾಯಾರಿಕೆ ಪುಟ್ಟಿ. ಎಷ್ಟು ದಿನ ತಡ್ಕೋತಾವೆ ಅಂತ ನೋಡ್ತಿದ್ದೀವಿ," ಅಂದಿದ್ದ. ಎಂಥ ಮಾತು! ಬಾಯಾರಿದವರ ಮುಂದೆ ಪುಸ್ತಕ ಹಿಡಿದು ಕೂತು ನೋಡೋದಾ? ಅವತ್ತು ಮಧ್ಯಾಹ್ನ ಅಪ್ಪ ಒಲೆಪೆಟ್ಟಿಗೆಯ ಕೋಣೆಗೆ ಹೋದಾಗ ಅವಳು ತೊಟ್ಟಿಯಿಂದ ಡಬ್ಬ ತುಂಬಿ ಏಳನೇ ತಾಕಿಗೆ ಸುರಿದಳು. ತನಗೆ ಏಳು, ಅದಕ್ಕೆ ಏಳನೆಯದು ತನ್ನದು. ಅಷ್ಟೇ ಕಾರಣ.

ದಿನಾ ಮಧ್ಯಾಹ್ನ ಆರು ಡಬ್ಬ. ಕೈ ನೋವು ಬಂದ ದಿನ ಐದು. ಸುರಿಯುತ್ತ ಗಿಡಗಳ ಹತ್ತಿರ ಮಾತಾಡುತ್ತಿದ್ದಳು. ಶಾಲೆಯ ಮಾತು, ಅಮ್ಮ ಬಂದ ಮೇಲೆ ಏನೇನು ಮಾಡಬೇಕು ಅನ್ನುವ ಮಾತು. ಅದನ್ನವಳು ಯಾವತ್ತೂ ಮರೆತಿರಲಿಲ್ಲ, ಆದರೆ ಆಟ ಅಂತ ನೆನಪಿಟ್ಟುಕೊಂಡಿದ್ದಳು. ನಡುವೆ ಒಂದು ಸಲ ಜ್ವರ ಬಂದು ಮಲಗಿದ್ದಳು. ಜ್ವರ ಬಿಟ್ಟ ದಿನ, ಗಿಡ ಸತ್ತೇ ಹೋಗಿರುತ್ತೆ ಅಂತ ಅಳುತ್ತ ಬರಿಗಾಲಲ್ಲಿ ಓಡಿದರೆ, ಎಲ್ಲ ಹಸಿರಾಗಿ ನಿಂತಿದ್ದವು. ಅಪ್ಪ ತೊಟ್ಟಿಯ ಹತ್ತಿರ ಅವಳ ಡಬ್ಬ ತೊಳೆಯುತ್ತಿದ್ದ. "ನನಗೋಸ್ಕರ ಕಾದಿದ್ರಾ ಜಾಣಮರಿಗಳಾ," ಅಂತ ಗಿಡಗಳನ್ನು ಮುದ್ದು ಮಾಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಬಿಸಿಲು, ಆ ತೊಟ್ಟಿಯ ಪಾಚಿ, ಕಾಲಿಗೆ ಮೆತ್ತಿದ ಕೆಸರು! ಈಗ ಆ ಜಾಗದಲ್ಲಿ ಜೀಪು ನಿಲ್ಲಿಸುತ್ತಾರೆ.

ಸಂಜೆ ಅಪ್ಪನ ಮುಂದೆ ಕೂತು ಒಂದೇ ಮಾತು ಕೇಳಿದಳು. "ಆ ಸೊನ್ನೆಗಳು ನನ್ನ ಡಬ್ಬ, ಅಲ್ವಾ ಅಪ್ಪ?"

ಅಪ್ಪ ಓದುತ್ತಿದ್ದ ಪೇಪರನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟ. "ಒಲೆ ಕೋಣೆಗೆ ಕಿಟಕಿ ಇತ್ತಲ್ಲ," ಅಂದ ಕೊನೆಗೆ.

"ನೋಡ್ತಿದ್ದೆ ಅಂದ್ರೆ ನಿಲ್ಲಿಸಬೇಕಿತ್ತು ತಾನೇ? ನಿನ್ನ ಕೆಲಸ ಹೋಯ್ತಲ್ಲಪ್ಪ!"

"ಹೆಂಗೆ ನಿಲ್ಸಲಿ? ನಿಮ್ಮಮ್ಮ ಹೋದಾಗಿಂದ ನೀನು ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ನನ್ ಹತ್ರ ಹೂಂ, ಊಹೂಂ, ಅಷ್ಟೇ. ಆ ಗಿಡದ ಹತ್ರ ಗಂಟೆಗಟ್ಟಲೆ ಮಾತಾಡ್ತಿದ್ದೆ. ಕಿಟಕಿ ಹತ್ರ ನಿಂತ್ಕೊಂಡು ಕೇಳಿಸ್ಕೊಳ್ತಿದ್ದೆ. ನೀನು ಏನು ತಿಂದೆ, ಏನು ಬೇಜಾರು, ಎಲ್ಲ ನನಗೆ ಗೊತ್ತಾಗ್ತಿದ್ದಿದ್ದೇ ಹಂಗೆ." ಅವನು ಕನ್ನಡಕ ಒರೆಸಿಕೊಂಡ. "ಮಣ್ಣು ಒದ್ದೆ ಇತ್ತು, ಒದ್ದೆ ಅಂತ ಬರೆದೆ. ಒಣಗಿದೆ ಅಂತ ಸುಳ್ಳು ಬರೆಯೋಕೆ ಕೈ ಬರಲಿಲ್ಲ. ಡಬ್ಬನೂ ಬರೆದೆ. ಸೊನ್ನೆ ಏನು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದ್ರೆ ಮಗೂನ ಹೊಲಕ್ಕೆ ಬಿಡಬೇಡ ಅಂತಿದ್ರು."

ಬಾಗಿಲಲ್ಲಿ ನಿಂತಿದ್ದ ಅಮ್ಮನ ಕೈಯಲ್ಲಿ ಲೋಟ ಹಾಗೇ ಇತ್ತು. "ಇಷ್ಟು ವರ್ಷ ನನಗೂ ಮಂಡಿನೋವು ಅಂತ ಹೇಳಿ ಎಣ್ಣೆ ಹಚ್ಚಿಸ್ಕೊಂಡ್ರಲ್ಲ ನೀವು," ಅಂದಳು. ಬೈಯಬೇಕು ಅಂತಲೇ ಶುರುಮಾಡಿದ್ದಳು, ಲೋಟ ಅವನ ಕೈಗಿಟ್ಟು ಒಳಗೆ ಹೋದಳು.

ಶುಕ್ರವಾರ ಅವಳು ಮುಖ್ಯಸ್ಥರ ಕೋಣೆಗೆ ಹೋಗಿ ಮೊದಲು ಹೇಳಿದ್ದೇ, "ಸರ್, ಆ ಅಳತೆಗಾರ ನಮ್ಮ ಅಪ್ಪ." ಆಮೇಲೆ ಸೊನ್ನೆಗಳ ಕತೆ ಹೇಳಿದಳು. ಅವರು ರಿಜಿಸ್ಟರ್ ತಿರುವಿದರು, ತಾವೇ ಎಣಿಸಿದರು, ಕನ್ನಡಕ ಹಣೆಗೇರಿಸಿದರು. "ಕರ್ಕೊಂಡ್ಬನ್ನಿ ಅವರನ್ನ," ಅಂದರು.

ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. ತಾನು ಇಪ್ಪತ್ತು ವರ್ಷ ಚೀಲ ಎಣಿಸಿದ ಕೋಣೆಯ ಹೊಸ್ತಿಲಲ್ಲಿ ನಿಂತು, "ಇಲ್ಲಿ ಇಲಿ ಜಾಸ್ತಿ. ವೈರು ಜೋಪಾನ," ಅಂದ. ಮುಖ್ಯಸ್ಥರು ನಕ್ಕು ಕುರ್ಚಿ ಎಳೆದುಕೊಟ್ಟರು. ಅವಳು ಸೊನ್ನೆಗಳನ್ನೆಲ್ಲ, ದಿನ ದಿನದ ಡಬ್ಬ ಲೆಕ್ಕದಲ್ಲಿ, ಮಾಡೆಲ್‌ಗೆ ಹಾಕಿಟ್ಟಿದ್ದಳು. ಗುಂಡಿ ಒತ್ತಿದಳು. ಹಸಿರು ಗೆರೆ ಎಡದಿಂದ ಹೊರಟು, ಅಪ್ಪ ಮೂವತ್ತೆಂಟು ವರ್ಷದ ಹಿಂದೆ ಅಳೆದ ಚುಕ್ಕೆಗಳನ್ನು ಒಂದೊಂದಾಗಿ ಮುಟ್ಟುತ್ತ ಬಲಕ್ಕೆ ಹೋಯಿತು.

"ಯಜಮಾನ್ರೇ," ಅಂದರು ಮುಖ್ಯಸ್ಥರು, "ಆ ಕೆಂಪು ಶಾಯಿ ತಪ್ಪು. ನಿಮ್ಮ ಅಳತೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹನ್ನೊಂದು ರಿಜಿಸ್ಟರೂ ಇರುತ್ತೆ."

ಮಗಳಿಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಅಪ್ಪ ಮಾತ್ರ ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದ. "ಇಲ್ಲಿ ಆಚೀಚೆ ಇದೆಯಲ್ಲ," ಅಂದ. ಐದನೇ ವಾರ. ಗೆರೆ ಅಲ್ಲಿ ಸ್ವಲ್ಪ ತಗ್ಗಿತ್ತು, ಎರಡು ಚುಕ್ಕೆ ಮೇಲೆ ನಿಂತಿದ್ದವು.

"ಅದು ಬಿಡಪ್ಪ, ಮಾಡೆಲ್‌ನಲ್ಲಿ ಅಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತೆ."

"ಮಾಡೆಲ್ ಸರಿಯಾಗೇ ಹೇಳ್ತಿದೆ. ನಾನೇ ಬರೆದಿಲ್ಲ." ಅಪ್ಪ ಕುರ್ಚಿಗೆ ಒರಗಿದ. "ನಿನಗೆ ಜ್ವರ ಬಂದಿತ್ತು. ಪಕ್ಕದ ಮನೆ ಅಜ್ಜಿ ನಿನ್ನ ಹತ್ರ ಕೂತಿದ್ರು. ನೀನು ನಿದ್ದೇಲೂ ಗಿಡ, ಗಿಡ ಅಂತಿದ್ದೆ. ಎದ್ದು ಬಂದಾಗ ಒಣಗಿ ನಿಂತಿದ್ರೆ ಮತ್ತೆ ಮಾತು ಬಿಡ್ತೀಯ ಅಂತ ಹೆದರಿಕೆ ಆಯ್ತು. ನಿನ್ನ ಡಬ್ಬ ತಗೊಂಡು ನಾನೇ ಹಾಕ್ದೆ. ನೀನು ಹಾಕಿದ್ದನ್ನ ಬರೆದೆ. ನಾನು ಹಾಕಿದ್ದನ್ನ ಬರೆಯೋಕೆ ನಾಚಿಕೆ ಆಯ್ತು. ಅಳೆಯೋನು ನೀರು ಹಾಕಬಾರದು." ಅವನು ಮುಖ್ಯಸ್ಥರ ಕಡೆ ತಿರುಗಿದ. "ಆ ನಾಲ್ಕು ದಿನದ ಮಟ್ಟಿಗೆ ಸಾಹೇಬ್ರು ಕೆಂಪಲ್ಲಿ ಬರೆದಿದ್ದು ಸರಿ ಸ್ವಾಮಿ. ಅದಕ್ಕೇ ನಾನು ಎದುರಾಡಲಿಲ್ಲ, ಕೊಟ್ಟ ಕಡೆ ಹೋದೆ."

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಬೇಕು ಅಂತಲೂ ತೋಚಲಿಲ್ಲ. ಅವತ್ತು ಅಪ್ಪ ಡಬ್ಬ ತೊಳೆಯುತ್ತಿರಲಿಲ್ಲ, ತುಂಬುತ್ತಿದ್ದ.

"ಆ ರಿಜಿಸ್ಟರ್ ಕೊಡಿ ಇಲ್ಲಿ. ಪೆನ್ನೂ ಕೊಡಿ," ಅಂದ ಅಪ್ಪ. ಹಳೇ ದಾಖಲೆಗೆ ಕೈಹಚ್ಚಬಾರದು ಅಂತ ಬೀರುವಿನ ಬಾಗಿಲಿಗೆ ನೋಟೀಸು ಅಂಟಿಸಿದವರೇ ಮುಖ್ಯಸ್ಥರು. ಅವರು ಜೇಬಿನಿಂದ ನೀಲಿ ಪೆನ್ನು ತೆಗೆದು ಕೊಟ್ಟು ಕಿಟಕಿಯ ಆಚೆ ನೋಡುತ್ತ ನಿಂತರು.

ಅಪ್ಪನಿಗೆ ಈಗ ಎಪ್ಪತ್ತಾರು. ಆದರೂ ಸಾಸಿವೆ ಗಾತ್ರದ ಸೊನ್ನೆಗಳು ದುಂಡಗೇ ಬಂದವು. ಮೊದಲ ದಿನ ಆರು, ಎರಡನೇ ದಿನ ಆರು, ಮೂರನೇ ದಿನ ಆರು. ನಾಲ್ಕನೇ ದಿನ, ಮಾಸಿದ ಆ ಒಂಟಿ ಸೊನ್ನೆಯ ಪಕ್ಕ, ಐದು ಹಾಕಿ ಪೆನ್ನಿನ ಮುಚ್ಚಳ ಹಾಕಿದ.

"ಇನ್ನೊಂದು, ಅಪ್ಪ?"

"ಐದು ಹಾಕಿ ಮುಗಿಸೋ ಹೊತ್ತಿಗೆ ನೀನು ಓಡಿ ಬಂದ್ಯಲ್ಲ," ಅಂದ ಅಪ್ಪ. "ಆರನೇದು ನೀನೇ ಹಾಕ್ದೆ. ಅದು ಅವತ್ತೇ ಬರೆದಿದ್ದೀನಿ ನೋಡು."